ಒಂಟಿ ಕೈಯ ಇಕ್ಕಳ

ಅವರ ಎಡಗೈ ಬೆರಳುಗಳು ಯಾವಾಗಲೂ ಅರ್ಧ ಮಡಚಿಕೊಂಡೇ ಇರುತ್ತಿದ್ದವು, ಪೆಪ್ಪರಮಿಂಟು ಮುಚ್ಚಿಟ್ಟುಕೊಂಡ ಮಗುವಿನ ಮುಷ್ಟಿಯ ಹಾಗೆ. ಲಕ್ವ ಹೊಡೆದು ಆ ಕೈ ಬಿದ್ದುಹೋಗಿತ್ತು. ಬಲಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳು. ಒಂದೇ ಕೈಯಲ್ಲಿ ಕುದಿಯುವ ತೋಪು ಇಳಿಸಲು ಹೋಗಿ ಮಾಡಿಕೊಂಡಂಥವು.

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಮಹಡಿಯಲ್ಲಿ ನಾವು, ಹಾವೇರಿ ಕಡೆಯಿಂದ ಬಂದ ಬಾಡಿಗೆದಾರರು. ಗಲ್ಲಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ. ಸಾಮಾನು ಇಳಿಸಿದ ದಿನವೇ ನನಗೆ ಕಾನೂನು ಹೇಳಿದರು: “ನಮ್ಮನೇಲಿ ಮಾಂಸ ಬೇಯ್ತಾ ಇದ್ರೆ ಕಿಟಕಿ ಮುಚ್ಕೋ ಬೇಟಿ, ಬಾಗಿಲು ಮಾತ್ರ ಮುಚ್ಬೇಡ.” ನಾನು ಎರಡನ್ನೂ ಮುಚ್ಚಲಿಲ್ಲ.

ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿದ್ದ ಮಗ, ಅಡುಗೆಗೆ ಜನ ಇಟ್ಟುಕೋ ಅಮ್ಮಾ ಅಂತ ಗೋಗರೆಯುತ್ತಿದ್ದ. ಇವರು ಒಪ್ಪಿದರೆ ತಾನೆ! ಬದಲಿಗೆ ಒಂದೇ ಕೈಯಲ್ಲಿ ಬಳಸುವ ಇಕ್ಕಳ ಮಾಡುತ್ತೇನೆ ಅಂತ ಹೊರಟರು. ಮೊದಲ ಮಾದರಿ ಸೀರೆ ಡಬ್ಬಿಯ ರಟ್ಟಿನದು. ನಾನು ಆಫೀಸಿಗೆ ಹೊರಡುವ ಹೊತ್ತಿಗೇ “ಬೇಟಿ, ಇದನ್ನ ಸ್ವಲ್ಪ ಹಿಡ್ಕೋ” ಅಂತ ಕೂಗು ಬರುತ್ತಿತ್ತು, ನನ್ನ ಬಸ್ಸು ತಪ್ಪುತ್ತಿತ್ತು. ಎಷ್ಟೋ ರಟ್ಟು ಹಾಳಾದ ಮೇಲೆ ಒಂದು ಆಕಾರ ಬಂತು. ಮೇಲಿನ ಕೊಕ್ಕೆ ತೋಪಿನ ಅಂಚನ್ನು ಕಚ್ಚುತ್ತದೆ, ಕೆಳಗಿನ ಅಗಲ ಪಟ್ಟಿ ತೋಪಿನ ಹೊಟ್ಟೆಗೆ ಆತು ನಿಲ್ಲುತ್ತದೆ, ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ.

ಅದನ್ನು ಸ್ಟೀಲಿನಲ್ಲಿ ಮಾಡಿಸಲು ಕೃಷ್ಣರಾಜಪುರ ಸ್ಟೇಷನ್ನಿನ ಆಚೆಯ ಒಂದು ಶೆಡ್ಡಿಗೆ ನಾವಿಬ್ಬರೂ ಬಸ್ಸಿನಲ್ಲಿ ಅಲೆದೆವು. ಶೆಡ್ಡಿನ ಯಜಮಾನ ತೆಳು ತಗಡು ಸಾಕು, ಅಗ್ಗ ಬೀಳುತ್ತದೆ ಅಂದ.

“ನಿಮ್ಮಮ್ಮನ ಕೈಗೆ ಕೊಡ್ತೀರಾ ಅದನ್ನ?” ಅಂದರು ಖಾಲಾ.

ಅವನು ತೆಪ್ಪಗೆ ದಪ್ಪ ತಗಡು ತೆಗೆದ. ತಯಾರಾದ ಪ್ರತಿ ಇಕ್ಕಳದಲ್ಲೂ ಖಾಲಾ ನೀರು ತುಂಬಿದ ತೋಪು ಎತ್ತಿ, ಒಂದು ದರೂದ್ ಪ್ರಾರ್ಥನೆ ಪೂರ್ತಿ ಹೇಳಿ ಮುಗಿಸುವವರೆಗೆ ಹಿಡಿದು ನಿಂತು, ಆಮೇಲೇ ಪಾಸು ಮಾಡುತ್ತಿದ್ದರು.

ಪೇಟೆಂಟ್ ಅರ್ಜಿ ಹಾಕುವ ತನಕ ಹೊರಗೆ ತೋರಿಸಬೇಡಿ ಅಂತ ನಾನು ಬಾಯಿ ಬಡಿದುಕೊಂಡಿದ್ದೆ. ಹೆಂಗಸರು ಏನನ್ನುತ್ತಾರೋ ನೋಡಬೇಡವೇ ಅನ್ನುವುದು ಅವರ ವಾದ. ಒಂದು ಬೆಳಿಗ್ಗೆ ಮೈದುನನ ಪಾತ್ರೆ ಅಂಗಡಿಯ ಮುಂದೆ ಇಕ್ಕಳ ಜೋಡಿಸಿಕೊಂಡು ಕೂತೇಬಿಟ್ಟರು, ಪಕ್ಕದಲ್ಲಿ ನಾನು. ಮೊದಲು ಬಂದವನು ಇಸ್ತ್ರಿ ಷರಟಿನ ಒಬ್ಬ ಗಂಡಸು. ಇದು ಏನು, ಹೇಗೆ ಬಳಸುವುದು ಅಂತ ಕೇಳಲೇ ಇಲ್ಲ. ತಿರುಗಿಸಿ ರಿವೆಟ್ಟು ನೋಡಿದ, ಪಟ್ಟಿಯನ್ನು ಬೆರಳಲ್ಲಿ ಅಳೆದ, ಒಂದು ಕೊಡಿ ಅಂದ.

“ಖಾಲಾ, ಇಂವಾ ಅಡಿಗಿ ಮಾಡಾಂವ ಅಲ್ರೀ. ಕೊಡಬ್ಯಾಡ್ರಿ,” ಅಂತ ಪಿಸುಗುಟ್ಟಿದೆ.

“ಬೋಣಿ ಗಿರಾಕೀನ ಯಾರಾದ್ರೂ ವಾಪಸ್ ಕಳಿಸ್ತಾರಾ? ಬರಕತ್ತೇ ಹೋಗ್ಬಿಡುತ್ತೆ!”

ಕೊಟ್ಟರು. ಅವನ ನೋಟನ್ನು ಕಣ್ಣಿಗೊತ್ತಿಕೊಂಡರು.

ಮಳೆಗಾಲ ಮುಗಿಯುವುದರೊಳಗೆ ಶಿವಾಜಿನಗರದ ಫುಟ್‌ಪಾತಿನ ಮೇಲೆ ಅಂಥವೇ ಇಕ್ಕಳಗಳ ರಾಶಿ ಬಿತ್ತು, ಕೆಂಪು ಪ್ಲಾಸ್ಟಿಕ್ ಹಿಡಿಯೊಂದಿಗೆ. ನನಗೆ ಹೊಟ್ಟೆ ಉರಿಯಿತು. ಖಾಲಾ ಮೊದಲು ನಕ್ಕರು: “ಅರೆ, ನನ್ನ ಪಕ್ಕಡ್ ನೋಡು, ಹೆಂಗೆ ಮದುವೆ ಹೆಣ್ಣಿನ ಥರ ಬಂದಿದೆ!” ಆಮೇಲೆ ಒಂದನ್ನು ಕೈಗೆತ್ತಿಕೊಂಡು ಕೆಳಗಿನ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿದರು. ಅದು ಬಾಗಿತು. ನಗು ಅಲ್ಲೇ ನಿಂತಿತು.

ವಕೀಲರನ್ನು ಕೇಳಿದೆ. ಅರ್ಜಿ ಹಾಕದೆ ಬಯಲಲ್ಲಿ ಮಾರಿದ ಮೇಲೆ ಬಹಳ ಕಷ್ಟ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮವ್ವ ಅನ್ನುತ್ತಿದ್ದುದು ಇದಕ್ಕೇ.

ಅಷ್ಟರಲ್ಲಿ ನಾವು ಹೆದರಿದ್ದೇ ಆಯಿತು. ಪಕ್ಕದ ಗಲ್ಲಿಯ ಒಬ್ಬ ಬಾಣಂತಿ ಸ್ನಾನದ ನೀರು ಇಳಿಸುವಾಗ ಕೆಂಪು ಹಿಡಿಯ ಇಕ್ಕಳ ಮಡಚಿಕೊಂಡು, ಕುದಿನೀರು ಎರಡೂ ಪಾದದ ಮೇಲೆ ಬಿತ್ತು. ಮಗು ಕೋಣೆಯಲ್ಲಿ ಮಲಗಿತ್ತು, ಪುಣ್ಯ. ಖಾಲಾ ಓಡಿದರು, ಹಿಂದೆ ನಾನು. ಅವಳ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, “ಇದು ನಿನ್ನ ಪಕ್ಕಡ್ ಅಲ್ವಾ?” ಅಂತ ಕೇಳಿದಳು. ಇಲ್ಲ ಅನ್ನುತ್ತಾರೆ ಅಂತ ಕಾದೆ. ಖಾಲಾ ತಲೆ ತಗ್ಗಿಸಿ ಒಳಗೆ ಹೋದರು. ಆ ಹುಡುಗಿಯ ಕಾಲು ವಾಸಿಯಾಗುವವರೆಗೂ ಆ ಮನೆಗೆ ಊಟ ಹೋಗಿದ್ದು ಇವರ ಅಡುಗೆಮನೆಯಿಂದಲೇ.

“ಅದು ನಿಮ್ದಲ್ಲಂತ ಹೇಳಬೇಕಿತ್ರೀ! ಕಳ್ಳ ಮಾಡಿದ್ದಕ್ಕ ನೀವ್ಯಾಕ ತಲಿ ತಗ್ಗಸ್ತೀರಿ?” ಅಂತ ರೇಗಿದೆ.

“ತಗಡು ಅವನದು. ಯೋಚನೆ ನಂದೇ ಅಲ್ವಾ ಬೇಟಿ? ಒಂದೇ ಕೈಲಿ ಎತ್ತಬಹುದು ಅಂತ ಆ ಹುಡುಗಿಗೆ ಆಸೆ ಹುಟ್ಟಿಸಿದ್ದು ನಾನೇ.”



ಆಮೇಲೆ ಅವರು ಮಾಡಿದ್ದು ಕೇಳಿದರೆ ಹುಚ್ಚು ಅನ್ನುತ್ತೀರಿ. ಒಂದು ತೋಪು ತಣ್ಣೀರು ಮೈದುನನ ಅಂಗಡಿಯ ಮೆಟ್ಟಿಲ ಮೇಲೆ ಇಟ್ಟುಕೊಂಡು, ಫುಟ್‌ಪಾತಿನ ಇಕ್ಕಳದಿಂದ ಎತ್ತಿ ತೋರಿಸುವುದು. ಅದು ಬಾಗಿ ನೀರು ಅವರ ಸೀರೆಯ ಮೇಲೇ ಸುರಿಯುತ್ತಿತ್ತು. “ಬಿಸಿನೀರು ಆಗಿದ್ರೆ?” ಅಂತ ನೆರೆದವರನ್ನು ಕೇಳುವರು. ಮಾರುವವರು ಸುಮ್ಮನಿರುತ್ತಾರೆಯೇ? “ಏ ಮುದುಕಿ, ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ?” ಅಂತ ಒಬ್ಬ ತೋಪನ್ನೇ ಒದ್ದ. ಮಾರನೆಯ ದಿನ ಇವರು ನೆಗ್ಗಿದ ತೋಪಿನೊಂದಿಗೆ ಮತ್ತೆ ಹಾಜರು.

ಶೆಡ್ಡಿನ ಯಜಮಾನ ಬಂದು, ಈಗ ಎಲ್ಲರಿಗೂ ಗೊತ್ತಾಗಿದೆ, ಗಟ್ಟಿ ಇಕ್ಕಳ ಹಾಕಿದರೆ ಚೆನ್ನಾಗಿ ಹೋಗುತ್ತದೆ, ಇದೇ ಸಮಯ ಅಂದ. ನಾನೂ ತಾಳ ಹಾಕಿದೆ. ಖಾಲಾ ಬೇಡವೆಂದರು. “ಪಕ್ಕದಲ್ಲಿ ನಂದು ಮಾರ್ಕೊಂಡು ಅದು ಕೆಟ್ಟದ್ದು ಅಂದ್ರೆ ಯಾರು ನಂಬ್ತಾರೆ? ವ್ಯಾಪಾರಕ್ಕೆ ಹೇಳ್ತಾಳೆ ಅಂತಾರೆ.”

ರಟ್ಟು ಕತ್ತರಿಸಿ ಕತ್ತರಿಸಿ ಹುಟ್ಟಿಸಿದ್ದನ್ನು ಹೀಗೆ ತಾವೇ ಮುಚ್ಚಿಹಾಕಿದರು. ಅವತ್ತು ಅವರ ಮೇಲೆ ಸಿಟ್ಟು ಮಾಡಿಕೊಂಡು ನಾನು ಮಾತು ಬಿಟ್ಟೆ. ಮರುದಿನವೇ ಖೀರು ಕಳಿಸಿ ಮಾತಾಡಿಸಿದರು.

ಇನ್ನೊಂದು ಸಲ ಲಕ್ವ ಹೊಡೆದಾಗ ಅವರು ಏಳಲಿಲ್ಲ. ಕಟ್ಟೆಯ ಮೇಲೆ ಅಂದಿನ ಬೇಳೆ ನೆನೆದಿತ್ತು. ಜನಾಜಾ ಹೊರಟಾಗ ಆ ಬಾಣಂತಿ ಮಗುವನ್ನು ಎತ್ತಿಕೊಂಡು ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು.

ಕೆಂಪು ಹಿಡಿಯ ರಾಶಿ ಇವತ್ತಿಗೂ ಇದೆ. ಮೊನ್ನೆ ಸಂಜೆ ಒಬ್ಬ ಹುಡುಗಿ ಅದರಲ್ಲಿ ಒಂದನ್ನು ಆರಿಸಿಕೊಂಡು ಚೌಕಾಸಿ ಮಾಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ತಗೋಬ್ಯಾಡವ್ವಾ, ಬಾಗತೈತಿ ಅದು. ಕಾಲು ಸುಟ್ಕೊಂತಿ,” ಅಂದೆ.

ಅವಳು ನನ್ನ ಕೈಚೀಲವನ್ನು ಅನುಮಾನದಿಂದ ನೋಡಿದಳು. “ಯಾಕಾಂಟಿ, ನೀವೇನು ಬೇರೆ ಮಾರ್ತೀರಾ?”

“ಇಲ್ಲ,” ಅಂದೆ.

ಅವಳು ನನ್ನ ಮುಖ ನೋಡಿದಳು. ಇಕ್ಕಳವನ್ನು ರಾಶಿಯ ಮೇಲೆ ಇಟ್ಟು ಹೊರಟುಹೋದಳು.