ವರ್ಕ್‌ಶಾಪಿನ ಗೇಟಿಗೆ ಬಂದ ಅಕ್ಕ

ಅಕ್ಕನ ಕೈಗಡಿಯಾರ ಮಣಿಕಟ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ತೊಗಲಿನ ಪಟ್ಟಿಗೆ ಮೊಳೆಯಿಂದ ಹೊಸ ತೂತು ಹಾಕಿಕೊಂಡರೂ ಕೆಲವೇ ದಿನಗಳಲ್ಲಿ ಮತ್ತೆ ಸಡಿಲಾಗಿ ಮೊಳಕೈಯತ್ತ ಜಾರುತ್ತಿತ್ತು. "ಸಾಲಿ ಹುಡುಗ್ಯಾರು ನನ್ನ ರಕ್ತಾನೆಲ್ಲ ಹೀರತಾರ" ಎಂದು ನಗುತ್ತಿದ್ದರು.

ಅವರು ನಮ್ಮ ಯಜಮಾನರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹಟ ಹಿಡಿದು ಓದಿ, ಹಳೇ ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತ ತಮ್ಮನನ್ನು ಬೆಳೆಸಿದವರು. ಏಕೀಕರಣವಾಗಿ ಕೆಲವೇ ವರ್ಷಗಳಾಗಿದ್ದವು, ನಾನು ಆ ಮನೆ ಹೊಕ್ಕಾಗ. ನನಗೆ ಹೆರಳು ಹಾಕುತ್ತ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ತಪ್ಪಿದರೆ ಜಡೆ ಜಗ್ಗುತ್ತಿದ್ದರು. ಅಂಥ ದಿಟ್ಟ ಹೆಂಗಸು ಕಕ್ಕಸಿಗೆ ಹೋಗುವಾಗ ಮಾತ್ರ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು.

ಆಮೇಲೆ ಆ ಓಡಾಟ ಹೆಚ್ಚಾಯಿತು. ಹೋಗಿ ಬಂದವರು ಮತ್ತೆ ಹೋಗುವರು. ಖಾರ ಬಿಟ್ಟರು, ಬರೀ ಮಜ್ಜಿಗೆ ಅನ್ನ. ಕೇಳಿದರೆ "ಉಷ್ಣ ಆಗೇದ." ಒಂದು ದಿನ ಬಚ್ಚಲಲ್ಲಿ ರಕ್ತ ಕಂಡು ನಾನು ಚೀರಿದೆ. ಅಕ್ಕ ನನ್ನ ಬಾಯಿ ಮುಚ್ಚಿದರು. "ಮೂಲವ್ಯಾಧಿ, ತಂಗಿ. ಗಂಡಸ ಡಾಕ್ಟರ ಮುಂದ ಹ್ಯಾಂಗ ಹೇಳ್ಲಿ? ಯಾರ ಮುಂದೂ ಅನಬ್ಯಾಡ."

ನಾನು ಅಂದೇ ಯಜಮಾನರಿಗೆ ಹೇಳಿದೆ. ಮಿರಜದ ಆಸ್ಪತ್ರೆಗೆ ಕರೆದೊಯ್ದೆವು. ದೊಡ್ಡ ಕರುಳಿನ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿತ್ತು. ಮೊದಲೇ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು ಎಂದರು ಡಾಕ್ಟರು. ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. "ನಮ್ಮಪ್ಪಗೂ ಹಿಂಗ ರಕ್ತ ಹೋಗತಿತ್ರಿ. ಒಣಗಿ ಒಣಗಿ ಸತ್ತ" ಎಂದ ಅಕ್ಕ ತಟ್ಟನೆ ತಮ್ಮನ ಕಡೆ ತಿರುಗಿದರು. ಇವರು ಮುಖ ಆ ಕಡೆ ಮಾಡಿದರು.

ಇವರ ಧೋತರದಲ್ಲಿ ರಕ್ತದ ಕಲೆಯನ್ನು ನಾನು ಒಗೆಯುವಾಗ ಕಂಡಿದ್ದೆ. ಸೈಕಲ್ ಸೀಟು ಒತ್ತಿ ಗಾಯವಾಗಿದೆ ಎಂದಿದ್ದರು. ಮನೆಗೆ ಬಂದು ಅಕ್ಕನಿಗೆ ಅದನ್ನು ಹೇಳಿದೆ. ಡಾಕ್ಟರಿಗೆ ತೋರಿಸಿಕೋ ಎಂದು ಅಕ್ಕ ತಮ್ಮನನ್ನು ಬೇಡಿಕೊಂಡರು, ಅತ್ತರು, ಊಟ ಬಿಟ್ಟರು. "ನನಗೇನೂ ಆಗಿಲ್ಲ" ಎಂದು ಇವರು ಸಿಡುಕಿ ಬೆಳಿಗ್ಗೆ ಬೇಗನೇ ರೈಲ್ವೆ ವರ್ಕ್‌ಶಾಪಿಗೆ ಹೊರಟುಬಿಡುತ್ತಿದ್ದರು.

ಎದ್ದು ನಿಲ್ಲಲೂ ಆಗದ ಅಕ್ಕ ಒಂದು ಸಂಜೆ ಟಾಂಗಾ ತರಿಸು ಎಂದರು. ಇಬ್ಬರೂ ವರ್ಕ್‌ಶಾಪಿನ ಗೇಟಿಗೆ ಹೋದೆವು. ಕೆಲಸ ಬಿಡುವ ಭೋಂಗಾ ಊದಿತು. ಗೇಟಿನಿಂದ ಜನ ಹೊರಬಿತ್ತು. ಇವರು ಕಂಡದ್ದೇ ತಡ, ನನ್ನ ಹೆಗಲು ಹಿಡಿದು ಕೆಳಗಿಳಿದು ಅಕ್ಕ ಕೂಗಿದರು: "ತಮ್ಮಾ! ನಿನಗ ಹೇಲಿನಾಗ ರಕ್ತ ಬೀಳತದೋ ಇಲ್ಲೋ? ಇವರೆಲ್ಲರ ಮುಂದ ಹೇಳು!"

ಸೈಕಲ್‌ಗಳು ನಿಂತವು. ಯಾರೋ ನಕ್ಕರು. ಇವರ ಮುಖ ಕಪ್ಪಿಟ್ಟಿತು. "ಅಕ್ಕಾ, ಮಾನ ತೆಗೀಬ್ಯಾಡ, ನಡಿ ಮನಿಗೆ."

"ನಾ ಮಾನ ಕಾಯ್ಕೊಂಡೇ ಸಾಯಾಕತ್ತೇನಿ. ನೀ ಟಾಂಗಾ ಹತ್ತು, ಇಲ್ಲಾ ಇಲ್ಲೇ ಬಿದ್ದು ಸಾಯ್ತೇನಿ" ಎಂದು ಅಕ್ಕ ಮಣ್ಣಲ್ಲಿ ಕುಸಿದರು. ಇವರು ಅಕ್ಕನನ್ನು ಕೂಸಿನಂತೆ ಎತ್ತಿಕೊಂಡು ಟಾಂಗಾ ಹತ್ತಿದರು. ಮನೆಯವರೆಗೂ ಇಬ್ಬರೂ ಅತ್ತರು.

ಅಕ್ಕನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಮಿರಜಕ್ಕೆ ಹೋದೆವು. ಗಡ್ಡೆ ಇನ್ನೂ ಕರುಳಲ್ಲೇ ಇತ್ತು, ತೆಗೆದರು. ಮುಂದೆ ಇವರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಆ ಬಾಳು ಅಕ್ಕ ನನಗೆ ಕೊಟ್ಟದ್ದು.

ಅಂದು ಮಿರಜದ ಆಸ್ಪತ್ರೆಗೆ ಅಕ್ಕ ಹೋದರೆಂಬ ತಾರು ಬಂದಾಗ ಇವರಿಗೆ ಇನ್ನೂ ಆಪರೇಷನ್ನಿನ ಮಂಪರು. ಅತ್ತರೆ ಕೇಳಿಸೀತೆಂದು ಸೆರಗು ಬಾಯಿಗೆ ತುರುಕಿಕೊಂಡು ವರಾಂಡದಲ್ಲಿ ಕೂತೆ. ಒಳಗೆ ಹೋದಾಗ ಇವರು ಕಣ್ಣು ಬಿಟ್ಟವರೇ ಕೇಳಿದರು: "ನಾ ಛಲೋ ಅದೇನಿ ಅಂತ ಅಕ್ಕಗ ತಿಳಿಸಿದಿ?"

"ಹ್ಞೂಂರಿ, ತಿಳಿಸೇನಿ" ಎಂದೆ.