ಯಶವಂತನಗರದ ಟವಲಿನ ಹಗ್ಗ

ಹೊಸಪೇಟೆಯಿಂದ ಯಶವಂತನಗರಕ್ಕೆ ಹೊರಟ ರೈಲಿನಲ್ಲಿ ಮ್ಯಾಂಗನೀಸ್ ಅದಿರು ತರಲು ಹೋಗುವ ಖಾಲಿ ಡಬ್ಬಿಗಳೇ ಹೆಚ್ಚು. ಜನ ಕೂರುವ ಡಬ್ಬಿ ಒಂದೇ ಇತ್ತು. ಬೇಸಿಗೆ ಆಗಷ್ಟೇ ಶುರುವಾಗಿತ್ತು. ಕಿಟಕಿಯ ಕಂಬಿ ಮುಟ್ಟಿದರೆ ಬಿಸಿ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಮುಗಿಸುವಷ್ಟರಲ್ಲಿ ಗುಡ್ಡಗಳು ಹತ್ತಿರವಾದವು. ಅಲ್ಲಿಂದ ಮುಂದೆ ಮದ್ರಾಸ್ ಸರ್ಕಾರದ ಸೀಮೆ ಮುಗಿದು ಸಂಡೂರು ಸಂಸ್ಥಾನ. ಮಣ್ಣಿನ ಬಣ್ಣವೂ ಬದಲಾಗಿತ್ತು, ಹತ್ತಿ ಇಳಿಯುವವರ ಧೋತರದ ಬಣ್ಣವೂ.

ನಾನು ಹೋಗಿದ್ದು ಅಲ್ಲಿಯ ‘ಹಗ್ಗದ ಮಂದಿ’ಯನ್ನು ನೋಡಲು. ಗಣಿಯ ಕೂಲಿಗಳು ತಾವಾಗಿಯೇ ಕಟ್ಟಿಕೊಂಡಿದ್ದ ಕಾವಲಿನ ಗುಂಪು ಅದು. ಅವರನ್ನು ನೋಡಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲೂ ಕೂಲಿಕಾರರು ಪಾಳಿ ಹಚ್ಚಿಕೊಂಡು, ಬೇಸಿಗೆಯಲ್ಲಿ ಗುಡಿಸಲುಗಳಿಗೆ ಬೆಂಕಿ ಬೀಳದಂತೆ ನೀರಿನ ಕೊಡ ತುಂಬಿಟ್ಟು ಕಾಯುತ್ತಿದ್ದರು. ಬಳ್ಳಾರಿಯ ನಮ್ಮ ವಾಚನಾಲಯದವರು, ಇದು ಹೇಗೆ ಹುಟ್ಟಿತೆಂದು ಕೇಳಿ ಬರೆದುಕೊಂಡು ಬಾ ಎಂದಿದ್ದರು.

ಮೇಸ್ತ್ರಿ ದುರುಗಪ್ಪ ನಿಲ್ದಾಣಕ್ಕೆ ಬಂದಿದ್ದರು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. “ಸಂಘ ಅಂತ ಬರೀಬ್ಯಾಡ್ರಿ,” ಎಂದರು. “ಬೋರ್ಡಿಲ್ಲ, ಚಂದಾ ಇಲ್ಲ. ಒಂದು ಹಗ್ಗ ಐತಿ, ಅಷ್ಟ.”

ಗುಡ್ಡ ಹತ್ತುತ್ತ ಚರಿತ್ರೆ ಹೇಳಿದರು. ಅವರ ಅಣ್ಣ ಗಣಿಯಲ್ಲಿ ಅದಿರು ಅಗೆಯುವ ಕುಣಿಯೊಳಗೆ ಹಾರೆ ತರಲು ಹೋಗಿದ್ದಾಗ, ಅವನು ಒಳಗಿದ್ದಾನೆಂದು ಯಾರಿಗೂ ನೆನಪಾಗದೆ ಸಿಡಿಮದ್ದು ಹಾರಿಸಿಬಿಟ್ಟಿದ್ದರು. ಅದಾದ ಮೇಲೆ ದುರುಗಪ್ಪ ಕುಣಿಯ ಬಾಯಿಗೆ ಒಂದು ಹಗ್ಗ ಕಟ್ಟಿದರು. ಒಳಗೆ ಹೋಗುವವನು ಹೆಗಲ ಟವಲನ್ನು ಅದರ ಮೇಲೆ ಹಾಕಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಹಗ್ಗ ಖಾಲಿಯಾಗದೆ ಮದ್ದಿನ ಬತ್ತಿಗೆ ಬೆಂಕಿ ಇಲ್ಲ. ತಮ್ಮ ಊಟದ ಹೊತ್ತನ್ನೇ ಬಿಟ್ಟುಕೊಟ್ಟು ಪಾಳಿಯ ಮೇಲೆ ಹಗ್ಗ ಕಾಯಲು ಜನ ತಾವಾಗಿ ಮುಂದೆ ಬಂದರು. ಕಂಪನಿ ಕೂಲಿ ಕೊಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. “ಅವತ್ತಿಂದ ಮದ್ದಿಗೆ ಒಬ್ಬನೂ ಸತ್ತಿಲ್ಲರಿ,” ಎಂದರು.

ಕುಣಿಯ ಬಾಯಲ್ಲಿ ಬತ್ತಿ ಹಚ್ಚುವ ಖಾದರ್ ಸಾಬ್ ನನ್ನನ್ನು ತಡೆದರು. “ಮಾಸ್ತರ, ಆ ಟೋಪಿ ತೂಗುಹಾಕ್ರಿ. ಇಲ್ಲಾಂದ್ರ ನಿಮ್ಮನ್ನ ಮನಶ್ಯಾ ಅಂತ ಲೆಕ್ಕಕ್ಕ ಹಿಡಿಯೂದಿಲ್ಲ ನಾವು.” ಸುತ್ತಲಿದ್ದವರು ನಕ್ಕರು. ನಾನು ಟೋಪಿಯನ್ನು ಹಗ್ಗಕ್ಕೆ ತೂಗುಹಾಕಿ ಒಳಗೆ ಹೋದೆ. ಗಂಡಸರು ಹಾರೆಯಿಂದ ಕೀಳುತ್ತಿದ್ದರು, ಹೆಂಗಸರು ಬುಟ್ಟಿಯಲ್ಲಿ ಅದಿರು ಹೊತ್ತು ಸಾಲಾಗಿ ಹೋಗುತ್ತಿದ್ದರು. ಹೆಂಗಸರದು ಹಗ್ಗದ ಮೇಲೆ ಏನೂ ಇರಲಿಲ್ಲ. ಕೇಳಿದಾಗ ದುರುಗಪ್ಪ ಸಹಜವಾಗಿ ಹೇಳಿದರು: “ಗಂಡ ಹೆಂಡತಿ ಜೋಡೀಲೆ ದುಡೀತಾರ. ಗಂಡನ ಟವಲು ಇಬ್ಬರದೂ ಹೌದು. ಆಕಿ ಹೊರಗ ಬರೂಮಟ ಅಂವ ಟವಲು ಮುಟ್ಟೂದಿಲ್ಲ.” ನನಗೂ ಅದು ಸರಿಯೆನಿಸಿತು.

ಮಧ್ಯಾಹ್ನ ಮದ್ದು ಹಾರಿಸುವ ಹೊತ್ತಿಗೆ ಕೊಂಬು ಊದಿದರು. ಜನ ಹೊರಬಂದರು. ನನ್ನ ಟೋಪಿಯನ್ನೇ ಮೊದಲು ತೆಗೆದು ಕೈಗೆ ಕೊಟ್ಟರು. ಒಂದೊಂದಾಗಿ ಟವಲುಗಳೂ ಹೋದವು. ಹಗ್ಗ ಕಾಯುವವನು ಕೈ ಎತ್ತಿದ. ಖಾದರ್ ಸಾಬ್ ಬತ್ತಿ ಹಚ್ಚಿ ಓಡಿ ಬಂದು ನಮ್ಮ ಜೊತೆ ಬಂಡೆಯ ಹಿಂದೆ ಕುಳಿತರು.

ಆಚೆ ಜಾಲಿಯ ಮರದಲ್ಲಿ ಕೂಲಿ ಹೆಂಗಸರ ಕೂಸುಗಳ ತೊಟ್ಟಿಲುಗಳಿದ್ದವು. ಹಳೆ ಸೀರೆಯ ಜೋಳಿಗೆಗಳು. ಅವನ್ನು ತೂಗುವ ಮುದುಕಿ ಗಂಗವ್ವ. ಮದ್ದಿನ ಸದ್ದಿಗೆ ಕೂಸುಗಳು ಹೆದರುತ್ತವೆಂದು ತಾಯಂದಿರು ಬಂದು ಎತ್ತಿಕೊಂಡಿದ್ದರು. ಒಂದು ಕೂಸು ಮಾತ್ರ ಜೋಳಿಗೆಯಲ್ಲೇ ಉಳಿದು ಅಳುತ್ತಿತ್ತು.

“ಇದರವ್ವ ಹುಲಿಗೆವ್ವ ಎಲ್ಲಿ?” ಎಂದು ಗಂಗವ್ವ ಕೇಳಿದಳು. ಆಮೇಲೆ ನಮ್ಮ ಬಂಡೆಯ ಕಡೆ ತಿರುಗಿದಳು. “ಲೇ ದುರುಗ, ಹುಲಿಗಿ ಗಂಡಗ ಜ್ವರ ಬಂದು ಮನ್ಯಾಗ ಮಲಗ್ಯಾನ. ಆಕಿ ಒಬ್ಬಾಕಿನ ಬಂದಿದ್ದಳು. ಆಕಿ ಎಲ್ಲಿ?”

ದುರುಗಪ್ಪ ಎದ್ದು ನಿಂತರು. ಎರಡು ಹೆಜ್ಜೆ ಇಟ್ಟರೋ ಇಲ್ಲವೋ, ನೆಲ ಅದುರಿತು.

ಆಮೇಲಿನದನ್ನು ಕಂಡಷ್ಟೇ ಬರೆಯುತ್ತೇನೆ. ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಗಂಡಸರು ಒಳಗೆ ಹೋದರು. ಯಾರೂ ಟವಲು ಹಾಕಲಿಲ್ಲ. ಹುಲಿಗೆವ್ವ ಕುಣಿಯ ಮೂಲೆಯಲ್ಲಿ ತುಂಬಿದ ಬುಟ್ಟಿಯ ಪಕ್ಕ ಸಿಕ್ಕಳು. ಜೀವ ಇರಲಿಲ್ಲ. ಕೊಂಬು ಆಕೆಗೆ ಕೇಳಿಸಿತ್ತೋ ಇಲ್ಲವೋ ಗೊತ್ತಾಗುವ ದಾರಿಯಿಲ್ಲ. ಹಗ್ಗ ಕಾಯುತ್ತಿದ್ದವನು ಎದುರಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ಹಗ್ಗ ಖಾಲಿ ಇತ್ತ್ರಿ. ನೀವೂ ನೋಡಿದ್ರಲ್ಲ, ಖಾಲಿ ಇತ್ತು.” ನನಗೂ ಹೇಳಿದ. ಹೌದು, ಖಾಲಿಯೇ ಇತ್ತು. ಯಾರೂ ಕಟ್ಟಳೆ ಮುರಿದಿರಲಿಲ್ಲ.

ಮರುದಿನ ದುರುಗಪ್ಪ ಕಂಪ್ಲಿಗೆ ಹೋಗಬೇಕಿತ್ತು. ಅಲ್ಲಿಯ ಒಂದು ಅಕ್ಕಿ ಗಿರಣಿಯ ಆಳುಗಳು, ನಮಗೂ ಹಗ್ಗ ಕಟ್ಟುವುದನ್ನು ಕಲಿಸಿಕೊಡಿ ಎಂದು ಮೊದಲೇ ಕರೆದಿದ್ದರು. ಮಣ್ಣು ಮಾಡಿ ಬಂದ ಮೇಲೆ, “ಯಾವ ಮಾರಿ ಇಟಗೊಂಡು ಹೋಗ್ಲಿ? ನಾ ಒಲ್ಲೆ,” ಎಂದು ಗೋಡೆಗೆ ಒರಗಿ ಕುಳಿತರು.

ಗಂಗವ್ವ ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. “ನೀ ಹೋಗದಿದ್ರ ಅವರು ಹಗ್ಗ ಕಟ್ಟೂದು ಬಿಡತಾರೇನು? ಇದ ಹಗ್ಗಾನ ಕಟ್ಟತಾರ. ಹೋಗು. ಹೋಗಿ ಇದನ್ನೂ ಹೇಳು,” ಎಂದಳು.

ಹೋದೆವು. ಯುದ್ಧದ ಕಾಲವಾದ್ದರಿಂದ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಕಮಲಾಪುರದ ಕೆರೆಯ ಬಳಿ ನೀರು ಹಾಕಲು ನಿಲ್ಲಿಸಿ ಡ್ರೈವರು, “ಇಳೀರಿ ಮಾಸ್ತರ, ಪುಕ್ಕಟೆ ಹಂಪಿ ನೋಡ್ರಿ,” ಎಂದ. ಬಂಡೆಗಳು, ಮುರಿದ ಗೋಡೆಗಳು ಬಿಸಿಲಲ್ಲಿ ನಿಂತಿದ್ದವು. ದುರುಗಪ್ಪ ಇಳಿಯಲಿಲ್ಲ. ನಾನೂ ಬಂಡೆಗಳನ್ನು ಬಹಳ ಹೊತ್ತು ನೋಡಲಾರದೆ ಒಳಗೆ ಬಂದು ಕುಳಿತೆ.

ಕಂಪ್ಲಿಯಲ್ಲಿ ಆ ಸಂಜೆ ಗಿರಣಿಯ ಮುಂದಿನ ಬೇವಿನ ಕೆಳಗೆ ಆಳುಗಳು ಸೇರಿದರು. ಎಂಜಿನ್ ನಿಂತಾಗ ಬೆಲ್ಟಿನ ಕೆಳಗೆ ನುಗ್ಗಿ ತೌಡು ಗುಡಿಸುವವರು ಹೆಂಗಸರು. ಒಳಗೆ ಯಾರಿದ್ದಾರೆಂದು ನೋಡದೆ ಎಂಜಿನ್ ಚಾಲು ಮಾಡುವುದೇ ಅಲ್ಲಿಯ ಭಯ. ದುರುಗಪ್ಪ ನಿಂತುಕೊಂಡು ಅಣ್ಣನಿಂದ ಶುರುಮಾಡಿದರು. ಹುಲಿಗೆವ್ವನ ತನಕ ಬಂದರು. ಏನೂ ಬಿಡಲಿಲ್ಲ. “ಇಷ್ಟು ವರ್ಷ ನಾವು ಗಂಡಸರನ್ನಷ್ಟ ಕಾದೀವ್ರಿ. ಗೊತ್ತಾಗಲಿಲ್ಲ,” ಎಂದು ಕುಳಿತುಬಿಟ್ಟರು.

ಆಮೇಲೆ ತೌಡು ಗುಡಿಸುವ ತಿಮ್ಮವ್ವನೆಂಬ ಹೆಂಗಸು ಕೇಳಿದಳು: “ನಾವೇನು ತೂಗುಹಾಕೂದ್ರಿ? ಬುಟ್ಟಿ ಹೊರೂ ಸಿಂಬಿ ತಲೀ ಮ್ಯಾಲೆ ಬೇಕು. ಸೀರಿ ಬಿಚ್ಚಿ ಹಾಕೂನೇನು?” ಒಬ್ಬಿಬ್ಬರು ನಕ್ಕರು. ಆಕೆ ನಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆಯ ಸಂಚಿಯನ್ನು ತೆಗೆದು ನೋಡಿ, “ಇದಾದ್ರ ಆದೀತು. ಇದನ್ನ ಬಿಟ್ಟು ಯಾವಾಕಿನೂ ಮನಿಗೆ ಹೋಗೂದಿಲ್ಲ,” ಎಂದಳು.

ಬೆಳಿಗ್ಗೆ ಗಿರಣಿಯ ಬಾಗಿಲಿಗೆ ಹಗ್ಗ ಕಟ್ಟಿದರು. ಟವಲುಗಳ ನಡುವೆ ತುಂಡು ಬಟ್ಟೆ ಹೊಲಿದ ಸಂಚಿಗಳು ತೂಗಿದವು. ಗುಡಿಸಲೆಂದು ನಿಲ್ಲಿಸಿದ್ದ ಎಂಜಿನ್ನನ್ನು ಮತ್ತೆ ಚಾಲು ಮಾಡುವ ಹೊತ್ತಿಗೆ ಎಲ್ಲ ಹೋಗಿ ಒಂದು ನೀಲಿ ಸಂಚಿ ಉಳಿಯಿತು.

“ಚಾಲು ಮಾಡ್ಲೇ, ಹೊತ್ತಾತು,” ಎಂದು ಗುಮಾಸ್ತ ಕೂಗಿದ.

ಎಂಜಿನ್ನಿನವನು ಗಾಲಿಯ ಮೇಲೆ ಕೈಯಿಟ್ಟು ಸಂಚಿಯನ್ನೇ ನೋಡುತ್ತಿದ್ದ. ಗುಮಾಸ್ತ ಮತ್ತೆ ಕೂಗಿದ. ಎಂಜಿನ್ನಿನವನು ಗಾಲಿಯಿಂದ ಕೈ ತೆಗೆದ. ದುರುಗಪ್ಪ ಕಣ್ಣು ಮುಚ್ಚಿಕೊಂಡಿದ್ದರು.

ತಿಮ್ಮವ್ವ ಕಸಬರಿಗೆ ಹಿಡಿದು ಹೊರಗೆ ಬಂದಳು. ಹುಬ್ಬಿನ ಮೇಲೆಲ್ಲ ತೌಡು. ಸಂಚಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, “ಯಾಕ್ರಿ, ಎಲ್ಲಾರೂ ಹೆಣ ಕಂಡಂಗ ನಿಂತೀರಿ? ಚಾಲು ಮಾಡ್ರಿ,” ಎಂದಳು. ಬೆಲ್ಟು ತಿರುಗಿತು.

ಹೊಸಪೇಟೆಯ ಬಸ್ಸು ಹತ್ತಿ ಕುಳಿತ ಮೇಲೆ ದುರುಗಪ್ಪ ಗಿರಣಿಯ ಕಡೆಗೆ ತಿರುಗಿ ನೋಡುತ್ತಲೇ ಇದ್ದರು. ಅದು ಮರೆಯಾದ ಮೇಲೆ ನನ್ನ ಕಡೆ ನೋಡದೆ ಹೇಳಿದರು:

“ಹುಲಿಗೆವ್ವನ ಸೊಂಟದಾಗೂ ಒಂದು ಸಂಚಿ ಇತ್ತ್ರಿ. ಮಣ್ಣು ಮಾಡೂ ಮುಂದ ನಾನ ಬಿಚ್ಚಿದೆ.”