ಕಾದಿಸ್‌ನ ಓಣಿಯಲ್ಲಿ ನಮ್ಮ ಮನೆಗಾಡಿ

ಹುಣಸೂರಿನ ಒಂದು ಶಾಲೆಗೆ ನಾನು ಬಸ್ಸು ಓಡಿಸುತ್ತೇನೆ. ಬೆಳಿಗ್ಗೆ ಸುತ್ತಲ ಹಳ್ಳಿಗಳಿಂದ ಮಕ್ಕಳನ್ನು ಕರೆತರುವುದು, ಸಂಜೆ ಮನೆ ಮುಟ್ಟಿಸುವುದು. ಹೆಂಗಸು ಬಸ್ಸು ಓಡಿಸುತ್ತಾಳೆಂದು ಮೊದಮೊದಲು ರಸ್ತೆಬದಿಯಲ್ಲಿ ನಿಂತು ನೋಡುತ್ತಿದ್ದವರೇ ಈಗ ಮಗುವಿನ ಜಡೆ ಹಾಕಿ ಮುಗಿದಿಲ್ಲ, ಒಂದು ನಿಮಿಷ ನಿಲ್ಲಿಸಿ ಎಂದು ಕೈ ಅಡ್ಡ ಹಿಡಿಯುತ್ತಾರೆ.

ನನಗೆ ಗಾಡಿ ಓಡಿಸಲು ಕಲಿಸಿದ್ದು ತವರಿನ ಟ್ರ್ಯಾಕ್ಟರು. ನಮ್ಮ ತವರು ಪಿರಿಯಾಪಟ್ಟಣದ ಕಡೆ; ಅಲ್ಲಿ ಹೊಗೆಸೊಪ್ಪೇ ಬೆಳೆ. ಎಲೆ ಮುರಿಯುವ ಕಾಲ ಬಂದರೆ ಹಸಿ ಸೊಪ್ಪು ತುಂಬಿದ ಟ್ರೈಲರನ್ನು ಬ್ಯಾರನ್ನಿನ ಬಾಗಿಲಿಗೆ ಹಿಂದುಹಿಂದಕ್ಕೆ ತಂದು ನಿಲ್ಲಿಸಬೇಕು. ಬ್ಯಾರನ್ನೆಂದರೆ ಎಲೆಯನ್ನು ಶಾಖದಲ್ಲಿ ಹದ ಮಾಡುವ ಎತ್ತರದ ಕೋಣೆ. ಅಪ್ಪನ ಕಣ್ಣು ಮಂಜಾದ ಮೇಲೆ ಆ ಕೆಲಸ ನನಗೆ ಬಂತು. ಹಿಂದೆ ನಿಂತು ದಾರಿ ಹೇಳುವವಳು ಅವ್ವ. ಎಡ ಬಲ ಎನ್ನುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಅಂಗಳದ ಬಲಕ್ಕೆ ಬಾವಿ, ಎಡಕ್ಕೆ ಹುಲ್ಲಿನ ಮೆದೆ ಇದ್ದವು. "ಬಾವಿ ಕಡೀಕೆ ತಿರುಗ್ಸು. ಬರ್ಲಿ, ಬರ್ಲಿ. ಈಗ ಮೆದೆ ಕಡೀಕೆ," ಎಂದು ಕೂಗುವಳು. ಅವಳ ಮಾತಿನಂತೆ ಸ್ಟೀರಿಂಗು ತಿರುಗಿಸಿದರೆ ಟ್ರೈಲರು ಗೋಡೆಯನ್ನು ಮುಟ್ಟದೆ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ತಂಗಿ ಐರ್ಲೆಂಡಿನಲ್ಲಿ ನರ್ಸು. ಅಪ್ಪ ಹೋದ ಮೇಲೆ ಪ್ರತಿ ಸಲ ಊರಿಗೆ ಬಂದಾಗಲೂ ಅವ್ವನನ್ನು ಒಮ್ಮೆ ಆ ಕಡೆಗೆ ಕರೆದೊಯ್ಯಬೇಕೆಂದು ಹಟ ಹಿಡಿಯುತ್ತಿದ್ದಳು. ಅವ್ವ ಒಪ್ಪುತ್ತಿರಲಿಲ್ಲ. "ಓಟ್ಲಲ್ಲಿ ಮನಗಾಕೆ, ಓಟ್ಲು ಕೂಳು ಉಣ್ಣಾಕೆ ನನ್ ಕೈಲಾಗಕಿಲ್ಲ ಬುಡು," ಎನ್ನುವಳು. ಕಳೆದ ಬೇಸಿಗೆಗೆ ಮುಂಚೆ ಒಂದು ದಿನ ತಂಗಿ ವಿಡಿಯೋ ಕಾಲಿನಲ್ಲಿ ಒಂದು ಗಾಡಿ ತೋರಿಸಿದಳು. ಒಳಗೆ ಒಲೆ, ಮಂಚ, ನೀರಿನ ತೊಟ್ಟಿ, ಬಟ್ಟೆ ಇಡುವ ಕಪಾಟು, ಎಲ್ಲವೂ ಇದ್ದವು. ಮೋಟಾರ್‌ಹೋಮ್ ಎಂದಳು.

ಅವ್ವ ಬಹಳ ಹೊತ್ತು ನೋಡಿದಳು. "ಇದು ಮನೆಗಾಡಿ ಕಣಮ್ಮಿ. ಇದ್ರಲ್ಲಿ ಮುದ್ದೆ ತಿರುವಬೋದಾ?"

"ತಿರುವಬೋದು ಕಣವ್ವಾ."

"ಓಡ್ಸೋರು ಯಾರು?"

ತಂಗಿ ಫೋನಿನಲ್ಲೇ ನನ್ನತ್ತ ಬೆರಳು ತೋರಿಸಿದಳು. "ನಂಗೆ ಚಿಕ್ ಕಾರೇ ಕಷ್ಟ. ಅಷ್ಟ್ ದೊಡ್ದು ಅಕ್ಕನ ಕೈಲೇ ಆಗ್ಬೇಕು."

ಹಾಗೆ ಶಾಲೆಯ ರಜೆಯಲ್ಲಿ, ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟು ಮಾಡಿಸಿಕೊಂಡು, ಒಂದು ಚೀಲ ರಾಗಿಹಿಟ್ಟು, ಖಾರದ ಪುಡಿ, ಮುದ್ದೆಕೋಲು ಹೊತ್ತು ನಾನೂ ಅವ್ವನೂ ಸ್ಪೇನ್ ದೇಶಕ್ಕೆ ಹೊರಟೆವು. ಕಾದಿಸ್ ಎಂಬ ಊರನ್ನು ಆರಿಸಿದವಳು ತಂಗಿ. ಅವಳ ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳ ಊರಂತೆ ಅದು. ಅವಳಿಂದಲೇ ತಂಗಿ ಅಲ್ಲಿನ ಭಾಷೆ ಒಂದಿಷ್ಟು ಕಲಿತಿದ್ದಳು. ಮೂರು ಕಡೆ ಸಮುದ್ರ, ಸಾವಿರಾರು ವರ್ಷದ ಹಳೆಯ ಪಟ್ಟಣ ಎಂದಳು. ಅವ್ವ ಹೆಸರನ್ನು ಒಮ್ಮೆ ಬಾಯಲ್ಲಿ ಹೊರಳಿಸಿ, "ಕಾಡ್ಸೋ ಊರಾ? ಆಗ್ಲಿ, ಎಷ್ಟ್ ಕಾಡ್ಸುತ್ತೋ ನೋಡಾನ," ಎಂದಳು.

ಸೆವಿಲ್ ಎಂಬ ದೊಡ್ಡ ನಗರದಲ್ಲಿ ತಂಗಿ ನಮ್ಮನ್ನು ಕೂಡಿಕೊಂಡಳು. ಗಾಡಿ ಬಾಡಿಗೆಗೆ ಕೊಡುವ ಕಡೆ ಕೀ ಹಿಡಿದು ಬಂದ ಯುವಕ ಪ್ಯಾಂಟು ಶರ್ಟು ಹಾಕಿದ್ದ ತಂಗಿಯ ಕೈಗೆ ಅದನ್ನು ಕೊಡಲು ಹೋದ. ಅವಳು ನನ್ನನ್ನು ತೋರಿಸಿದಳು. ನಾನು ಚೂಡಿದಾರದ ಮೇಲೆ ಸ್ವೆಟರ್ ಹಾಕಿದ್ದೆ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದೆ. ನೀವು ದೊಡ್ಡ ಗಾಡಿ ಓಡಿಸಿದ್ದೀರಾ ಎಂದು ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ. ನನ್ನ ಫೋನಿನಲ್ಲಿದ್ದ ಚಿತ್ರ ತೋರಿಸಿದೆ: ಹಳದಿ ಬಸ್ಸು, ಬಾಗಿಲಲ್ಲಿ ಮಕ್ಕಳು, ಸ್ಟೀರಿಂಗಿನ ಹಿಂದೆ ನಾನು. ಅವನು ನಕ್ಕು ಕೀಯನ್ನು ನನ್ನ ಅಂಗೈಯಲ್ಲಿಟ್ಟ.

ಅಲ್ಲಿ ಸ್ಟೀರಿಂಗು ಎಡಕ್ಕೆ, ಗಾಡಿ ಹೋಗುವುದು ರಸ್ತೆಯ ಬಲಕ್ಕೆ. ಮೊದಲ ವೃತ್ತವನ್ನು ಗಾಡಿ ತೀರಾ ನಿಧಾನ ಮಾಡಿ ಸುತ್ತಿದೆ. ಅವ್ವ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕುಳಿತಿದ್ದವಳು ಎಲ್ಲವನ್ನೂ ಪರೀಕ್ಷಿಸಿ ಮುಗಿಸಿದ್ದಳು. "ಅಡುಗೆ ಒಲೆ ಪಕ್ಕದಲ್ಲೇ ಕಕ್ಕಸ್ಸು ಮಡಗವ್ರಲ್ಲ, ಇವ್ರಿಗೇನು ಬುದ್ಧಿ?" ಎಂದು ಒಂದೇ ಆಕ್ಷೇಪ ಎತ್ತಿದಳು. ಮುಂದೆ ಎರಡೂ ಕಡೆ ಸೂರ್ಯಕಾಂತಿ ಹೊಲಗಳು ಶುರುವಾದಾಗ ಆ ದೂರನ್ನೂ ಮರೆತಳು. ನೆಲ ಕೆಂಪಿಲ್ಲ, ಬಿಳಿಚಿಕೊಂಡಿದೆ, ಆದರೂ ಪೈರು ಚೆನ್ನಾಗಿದೆ ಎಂದಳು. ಹೆದ್ದಾರಿ ಕೈಗೆ ಒಗ್ಗಿದ ಮೇಲೆ ನನ್ನ ಭುಜಗಳೂ ಸಡಿಲವಾದವು. ಹುಣಸೂರಿನಿಂದ ಕೆ.ಆರ್. ನಗರದ ರಸ್ತೆಯಲ್ಲಿ ಕಬ್ಬಿನ ಗಾಡಿಗಳನ್ನು ಹಿಂದಿಕ್ಕಿ ಹೋಗುವವಳಿಗೆ ಈ ರಸ್ತೆ ಸಲೀಸು.

ಕಾದಿಸ್ ಮುಟ್ಟಲು ಸಮುದ್ರದ ಮೇಲೆ ಒಂದು ಸೇತುವೆ ದಾಟಬೇಕು. ಹಡಗುಗಳು ಕೆಳಗೆ ಹೋಗುವಷ್ಟು ಎತ್ತರ. ಗಾಳಿ ಗಾಡಿಯ ಪಕ್ಕೆಗೆ ಗುದ್ದುತ್ತಿತ್ತು. ತಂಗಿ ಕಣ್ಣು ಮುಚ್ಚಿಕೊಂಡಳು. ಅವ್ವ ಕಿಟಕಿಗೆ ಮೂಗು ಅಂಟಿಸಿ, "ನೀರು ನೋಡ್ರವ್ವಾ, ನೀರು," ಎಂದಳು. ಆಚೆ ದಡದಲ್ಲಿ ಬಿಳಿ ಮನೆಗಳು, ಅವುಗಳ ನಡುವೆ ಚರ್ಚಿನ ಹಳದಿ ಗೋಪುರ ಬಿಸಿಲಿಗೆ ಹೊಳೆಯುತ್ತಿತ್ತು.

ಬಂದರಿನ ಹತ್ತಿರ ಗಾಡಿ ನಿಲ್ಲಿಸುವ ಜಾಗವಿತ್ತು. ಫೋನು ನೋಡಿ ದಾರಿ ಹೇಳುತ್ತಿದ್ದ ತಂಗಿ ತಡಬಡಾಯಿಸಿದಳು. ನಾನು ಒಂದು ತಿರುವು ಮೊದಲೇ ಒಳಗೆ ನುಗ್ಗಿಬಿಟ್ಟೆ. ರಸ್ತೆ ಓಣಿಯಾಯಿತು, ಓಣಿ ಇನ್ನೂ ಸಣ್ಣದಾಯಿತು. ಎರಡೂ ಕಡೆ ನಾಲ್ಕಂತಸ್ತಿನ ಹಳೆಯ ಮನೆಗಳು, ತಲೆಯ ಮೇಲೆ ಬಾಲ್ಕನಿಗಳು, ಅವುಗಳಲ್ಲಿ ಒಣಹಾಕಿದ ಬಟ್ಟೆ. ಮುಂದೆ ಕಲ್ಲಿನ ಗೂಟಗಳನ್ನು ನೆಟ್ಟು ದಾರಿ ಮುಚ್ಚಿದ್ದರು. ಎಡಗಡೆ ಕನ್ನಡಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಹಿಂದೆ ಒಂದು ಸ್ಕೂಟರು ಹಾರನ್ ಹೊಡೆಯಿತು.

"ಅಕ್ಕಾ, ಏನ್ಮಾಡಾದೀಗ?" ತಂಗಿಯ ದನಿ ಅಳುವಂತಿತ್ತು. "ಪೊಲೀಸ್ ಕರೀಲಾ?"

ನಾನು ಉತ್ತರ ಕೊಡುವ ಮೊದಲೇ ಅವ್ವ ಬೆಲ್ಟು ಬಿಚ್ಚಿದ್ದಳು. "ಪೋಲೀಸ್ನೋರು ಬಂದು ಗಾಡೀನ ಎತ್ಕೊಂಡೋದಾರಾ? ನೀನು ಸುಮ್ಕಿರು," ಎಂದು ಅವಳಿಗೆ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಇಳಿದು ಗಾಡಿಯ ಹಿಂದೆ ಹೋದಳು. ಕನ್ನಡಿಯಲ್ಲಿ ಅವಳ ಹಸಿರು ಸೀರೆ ಕಂಡಿತು. ಸ್ಕೂಟರಿನವನಿಗೆ ಕೈಯಲ್ಲೇ ಹಿಂದೆ ಸರಿಯಲು ಹೇಳಿದಳು. ಅವನು ಸರಿದ. ಆಮೇಲೆ ಆ ಓಣಿಯಲ್ಲಿ ನನ್ನ ತವರಿನ ಅಂಗಳದ ದನಿ ಎದ್ದಿತು.

"ಬಾವಿ ಕಡೀಕೆ ತಿರುಗ್ಸಮ್ಮೀ! ಬರ್ಲಿ, ಬರ್ಲಿ, ಬರ್ಲಿ!"

ತಂಗಿ ಗಾಬರಿಯಿಂದ ನನ್ನ ಮುಖ ನೋಡಿದಳು. "ಬಾವಿ ಎಲ್ಲಕ್ಕಾ?"

ನನಗೆ ಎಲ್ಲಿದೆಯೆಂದು ಗೊತ್ತಿತ್ತು. ಸ್ಟೀರಿಂಗು ಬಲಕ್ಕೆ ಕಟ್ ಮಾಡಿದೆ. ಆಮೇಲೆ ನಾನು ಯೋಚಿಸಲಿಲ್ಲ. ಅವ್ವ ಹೇಳಿದ್ದನ್ನು ಕೈ ಮಾಡಿತು. ಕೆಳಗಿನ ಅಂಗಡಿಯಿಂದ ಕ್ಷೌರಿಕನೊಬ್ಬ ಕತ್ತರಿ ಹಿಡಿದೇ ಹೊರಬಂದು ಎಡಗಡೆಯ ಕನ್ನಡಿಯನ್ನು ಮಡಚಿದ. ಮೇಲಿನ ಬಾಲ್ಕನಿಯ ಹೆಂಗಸು ಗಾಡಿಯ ತಲೆಗೆ ತಾಗುವಂತಿದ್ದ ಹೂಕುಂಡವನ್ನು ಒಳಕ್ಕೆ ಎಳೆದುಕೊಂಡಳು. "ಮೆದೆ ಕಡೀಕೆ! ಒಸಿ, ಒಸಿ ಸಾಕು! ತಡಿ ತಡಿ!" ಗಾಡಿ ನಿಂತಿತು. ಅವ್ವ ಹಿಂದಿನ ಚಕ್ರದ ಬಳಿ ಬಗ್ಗಿ ನೋಡಿದಳು, ಗೋಡೆಗೂ ಗಾಡಿಗೂ ನಡುವೆ ತನ್ನ ಅಂಗೈ ಇಟ್ಟು ನೋಡಿದಳು. "ಇನ್ನೊಂದ್ ಕಿತ ಮುಂದುಕ್ಕೋಗಿ ಬಾ." ಹೋಗಿ ಬಂದೆ. ಅಷ್ಟರಲ್ಲಿ ಜನ ಸೇರಿದ್ದರು. ಒಬ್ಬ ಮುದುಕ ಅವ್ವನ ಪಕ್ಕ ನಿಂತು ಅವಳಂತೆಯೇ ಕೈ ಬೀಸುತ್ತಾ, "ಬರ್ಲಿ, ಬರ್ಲಿ," ಎನ್ನತೊಡಗಿದ. ಅವನ ನಾಲಗೆಯಲ್ಲಿ ಆ ಮಾತು ಗುಂಡಗೆ ಉರುಳುತ್ತಿತ್ತು. ಉಳಿದವರೂ ದನಿಗೂಡಿಸಿದರು.

ಗಾಡಿಯ ಮೂತಿ ದೊಡ್ಡ ರಸ್ತೆಗೆ ಬಂದಾಗ ಅವರೆಲ್ಲ ಚಪ್ಪಾಳೆ ತಟ್ಟಿದರು. ಕ್ಷೌರಿಕ ಕನ್ನಡಿಯನ್ನು ಮತ್ತೆ ಬಿಡಿಸಿ, ನನ್ನ ಕಡೆ ಹೆಬ್ಬೆರಳೆತ್ತಿ ತೋರಿಸಿ, ಅರ್ಧ ಕೂದಲು ಕತ್ತರಿಸಿ ಬಿಟ್ಟುಬಂದಿದ್ದ ಗಿರಾಕಿಯ ಬಳಿಗೆ ಓಡಿದ. ಎಲ್ಲಿಯೂ ಒಂದು ಗೀರಿಲ್ಲ. ಅವ್ವ ಹತ್ತಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಎದೆ ಹಿಗ್ಗಿತ್ತು. ಯಾವ ರಸ್ತೆಯಲ್ಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ; ಅದರಲ್ಲಿ ನನ್ನದೆಷ್ಟು, ಅವ್ವನದೆಷ್ಟು ಎಂದು ಬೇರೆ ಮಾಡಿ ಹೇಳಲಾರೆ.

ಬಂದರಿನ ಪಕ್ಕ ಗಾಡಿ ನಿಲ್ಲಿಸಿ ಮಾರುಕಟ್ಟೆಗೆ ನಡೆದೆವು. ಕಂಬಗಳ ಸಾಲಿನ ನಡುವೆ ಮೀನು ಹರವಿದ್ದರು. ಅವ್ವ ಕಿವಿರು ಎತ್ತಿ ನೋಡಿಯೇ ಆರಿಸಿದಳು. ಮಾರುವವಳು ಅವಳ ಕೈಯನ್ನು ನೋಡಿ ತಕರಾರು ಮಾಡಲಿಲ್ಲ. ಗಾಡಿಯ ಪುಟ್ಟ ಒಲೆಯಲ್ಲಿ ಮೀನುಸಾರು ಕುದಿಯುವಾಗ ಪಕ್ಕದ ಮನೆಗಾಡಿಯಿಂದ ಜರ್ಮನಿಯ ವಯಸ್ಸಾದ ದಂಪತಿ ಇಣುಕಿದರು. ಅವ್ವ ಎರಡು ತಟ್ಟೆ ಹೆಚ್ಚಿಗೆ ಇಟ್ಟಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಮುರಿದು, ಅದ್ದಿ, ನುಂಗಿ ತೋರಿಸಿಕೊಟ್ಟಳು. ಗಂಡಸು ಹಾಗೇ ಮಾಡಿದ. ಹೆಂಗಸು ಗುಟ್ಟಾಗಿ ಅಗಿದಳು. ಅವ್ವ ಅದನ್ನು ಕಂಡೂ ಕಾಣದವಳಂತೆ ಇದ್ದಳು.

ಮರುದಿನ ಊರು ಸುತ್ತಿದೆವು. ಹಳೆಯ ಮನೆಗಳ ಮಾಳಿಗೆಯ ಮೇಲೆ ಸಣ್ಣ ಸಣ್ಣ ಗೋಪುರಗಳು. ದೂರದ ದೇಶಗಳಿಂದ ತಮ್ಮ ಸರಕಿನ ಹಡಗು ಬರುತ್ತಿದೆಯೇ ಎಂದು ವ್ಯಾಪಾರಿಗಳು ಅಲ್ಲಿ ಹತ್ತಿ ನೋಡುತ್ತಿದ್ದರಂತೆ. ನಮ್ಮ ಹೊಲದ ಅಟ್ಟಣೆ ಇದ್ದಂಗೆ ಎಂದಳು ಅವ್ವ. ಬಂದರಿನ ಕಡೆಗೆ ತಿರುಗುವಾಗ ಒಂದು ದೊಡ್ಡ ಕೆಂಪು ಇಟ್ಟಿಗೆಯ ಕಟ್ಟಡ ಎದುರಾಯಿತು. ತಂಗಿ ಅದರ ವಿಷಯವನ್ನು ಫೋನಿನಲ್ಲಿ ಓದಿ ನಿಂತುಬಿಟ್ಟಳು.

"ಅವ್ವಾ, ಇದು ಮೊದ್ಲು ಹೊಗೆಸೊಪ್ಪಿನ ಕಾರ್ಖಾನೆ ಆಗಿತ್ತಂತೆ. ಈಗ ಸಭೆ ಸಮಾರಂಭ ಮಾಡ್ತಾರೆ. ಆಗ ಇಲ್ಲಿ ಚುಟ್ಟ ಸುತ್ತೋರೆಲ್ಲ ಹೆಂಗಸ್ರೇ."

ಅವ್ವ ತಲೆಯೆತ್ತಿ ಆ ಗೋಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ನೋಡಿದಳು. "ನಮ್ ಸೊಪ್ಪು ಇಲ್ಗಂಟ ಬಂದಿತ್ತೇನೋ?"

"ಇಲ್ಲ ಕಣವ್ವಾ, ಇವ್ರಿಗೆ ಅಮೆರಿಕದ ಕಡೆಯಿಂದ ಹಡಗಲ್ಲಿ ಬರ್ತಿತ್ತು."

"ಎಲ್ಲಿಂದಾರ ಬರ್ಲಿ. ಸೊಪ್ಪು ಸೊಪ್ಪೇ."

ಪಕ್ಕದ ಬೆಂಚಿನಲ್ಲಿ ಅವ್ವನ ವಯಸ್ಸಿನ ಒಬ್ಬ ಹೆಂಗಸು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತಂಗಿ ತನಗೆ ಬರುವ ಅಷ್ಟಿಷ್ಟು ಮಾತಿನಲ್ಲಿ, ನಮ್ಮ ಅವ್ವ ಹೊಗೆಸೊಪ್ಪು ಬೆಳೆದವಳು ಎಂದು ಹೇಳಿದಳು. ಆ ಹೆಂಗಸು ಎದ್ದೇ ನಿಂತಳು. ಅವಳ ತಾಯಿ ಆ ಕಟ್ಟಡದೊಳಗೆ ದುಡಿದವಳಂತೆ. ತಾಯಿ ಹೇಗೆ ಸುತ್ತುತ್ತಿದ್ದಳೆಂದು ಗಾಳಿಯಲ್ಲೇ ಬೆರಳು ಹೊರಳಿಸಿ ತೋರಿಸಿದಳು. ಅವ್ವ ತನ್ನ ಬೆರಳುಗಳಿಂದ ಹಸಿ ಎಲೆಯನ್ನು ಕಡ್ಡಿಗೆ ದಾರದಲ್ಲಿ ಕಟ್ಟುವುದನ್ನು ತೋರಿಸಿದಳು. ಆಮೇಲೆ ಅಂಗೈ ಉಜ್ಜಿ, ಎಲೆಯ ಅಂಟು ಹತ್ತಿ ಕೈ ಕಪ್ಪಾಗುವುದನ್ನು ಅಭಿನಯಿಸಿ, ಮೂಗು ಸಿಂಡರಿಸಿದಳು. ಆ ಹೆಂಗಸು ಜೋರಾಗಿ ನಕ್ಕು ತನ್ನ ಕೂದಲು ಹಿಡಿದು ಮೂಸಿ ತೋರಿಸಿದಳು. ತಾಯಿ ಕೆಲಸದಿಂದ ಬಂದರೆ ಮನೆಯೆಲ್ಲ ಅದೇ ವಾಸನೆ ಎಂದು ತಂಗಿ ಅರ್ಥ ಹೇಳಿದಳು.

"ನಿನ್ನನ್ನ ಓದಿಸಿದ್ದೂ ಇದೇ ವಾಸ್ನೆ ಕಣಮ್ಮಿ. ಅದ್ನೂ ಯೋಳು ಅವ್ಳಿಗೆ," ಎಂದಳು ಅವ್ವ.

ತಂಗಿ ಹೇಳಿದಳು. ಹೇಳುವಾಗ ಅವಳ ಮಾತು ಎರಡು ಸಲ ತಡವರಿಸಿತು. ಆ ಹೆಂಗಸು ಅವ್ವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಅವ್ವ ಕೆಂಪಾಗಿ, ನಮ್ಮಿಬ್ಬರ ಕಡೆ ನೋಡದೆ, ಸೆರಗು ಸರಿಮಾಡಿಕೊಂಡಳು.

ಸಂಜೆ ಊರಿನ ಕೊನೆಯ ಕಡಲತೀರಕ್ಕೆ ಹೋದೆವು. ಎರಡು ಹಳೆಯ ಕೋಟೆಗಳ ನಡುವೆ ಮೀನುಗಾರರ ಪುಟ್ಟ ದೋಣಿಗಳು ಮರಳ ಮೇಲೆ ಮಲಗಿದ್ದವು. ರಸ್ತೆಬದಿಯಲ್ಲಿ ಆಲದ ಜಾತಿಯ ಭಾರಿ ಮರಗಳಿದ್ದವು. ಬೇರುಗಳು ದನ ಮಲಗಿದಂತೆ ನೆಲದ ಮೇಲೆಲ್ಲ ಹಬ್ಬಿದ್ದವು. ಅವ್ವ ಒಂದು ಬೇರಿನ ಮೇಲೆ ಕುಳಿತು ಸೂರ್ಯ ಮುಳುಗುವ ತನಕ ಏಳಲಿಲ್ಲ. ನಾವಿಬ್ಬರೂ ಅವಳ ಆಚೆ ಈಚೆ ಕುಳಿತೆವು.

ಅಲ್ಲಿಂದ ಬಂದು ಈಗ ವರ್ಷ ತುಂಬುತ್ತಿದೆ. ಮೊನ್ನೆ ಹಂಪಾಪುರದ ನೆಂಟರ ಮನೆಯ ಮದುವೆಗೆ ಹೋಗಿದ್ದಾಗ ಊಟದ ಪಂಕ್ತಿಯಲ್ಲಿ ಅವ್ವ ಪಕ್ಕದವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ನಮ್ ದೊಡ್ಡೋಳು ಕಣ್ರೀ. ಅಂಗೈ ಅಗ್ಲದ ಗಲ್ಲೀಲಿ ಮನೆ ಮನೇನೇ ರಿವರ್ಸ್ ತಗುದ್ಲು. ಬಿಳೀ ಜನ ಸುತ್ಲೂ ನಿಂತು ಕೈ ಮುಗುದ್ರು." ಅವರು ಕೈ ಮುಗಿದಿರಲಿಲ್ಲ, ಚಪ್ಪಾಳೆ ತಟ್ಟಿದ್ದರು. ಅವ್ವ ಹೇಳಿದಂತೆಲ್ಲ ಆ ಓಣಿ ಕಿರಿದಾಗುತ್ತಿದೆ, ಜನ ಹೆಚ್ಚಾಗುತ್ತಿದ್ದಾರೆ. ಹಿಂದೆ ನಿಂತು ದಾರಿ ಹೇಳಿದ ತನ್ನ ಸುದ್ದಿಯನ್ನು ಮಾತ್ರ ಅವಳು ಎತ್ತುವುದೇ ಇಲ್ಲ. ಆ ಭಾಗವನ್ನು ನಾನು ಎಲೆ ಬಿಟ್ಟು ಎದ್ದು ಹೋಗಿ ಅವರಿಗೆ ಹೇಳಿ ಬಂದೆ.